ಏಳು ತಿಂಗಳ ಬೇಸಿಗೆ

ಬೇವು-ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗಲೇ ಧರ್ಮಣ್ಣನಿಗೆ ತಾನು ಇವತ್ತು ಏನೋ ಒಂದು ತಪ್ಪು ಮಾಡಲಿದ್ದೇನೆ ಅನ್ನಿಸಿತು. ಆದರೆ ತಪ್ಪು ಮಾಡುವ ಮೊದಲು ಹೀಗೆ ಅನ್ನಿಸುವುದು ಅವನಿಗೇನೂ ಹೊಸದಲ್ಲ. ಬೇವನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ ಬೆಲ್ಲವನ್ನಷ್ಟೇ ನುಂಗಿದ. ಮಾರ್ಚ್ ತಿಂಗಳ ಕೊನೆಯ ಭಾನುವಾರ. ಊರಿಗೆಲ್ಲ ಯುಗಾದಿ, ಮುಲುಂಡಿನ ಅವನ ಸೊಸೈಟಿಯಲ್ಲಿ ಕಿಟಕಿಗೊಂದರಂತೆ ಮರಾಠಿಗರ ಪಾಡ್ವಾದ ಗುಡಿ ನಿಂತಿತ್ತು, ಕೋಲಿಗೆ ಜರಿಯ ಸೀರೆ, ತುದಿಗೆ ಬೋರಲು ಹಾಕಿದ ತಂಬಿಗೆ. ಧರ್ಮಣ್ಣನಿಗೆ ಮಾತ್ರ ಇದು ಸಮ್ಮರ್ ಶೆಡ್ಯೂಲು ಶುರುವಾಗುವ ದಿನ. ವಿಮಾನ ಕಂಪನಿಗಳ ಪಂಚಾಂಗದಲ್ಲಿ ಋತುಗಳು ಆರಲ್ಲ, ಎರಡೇ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ಹುಟ್ಟುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಸಾಯುತ್ತದೆ, ಮಿಕ್ಕಿದ್ದೆಲ್ಲ ಚಳಿಗಾಲ. ಈ ಎರಡು ಭಾನುವಾರಗಳಂದು ದೊಡ್ಡ ವಿಮಾನಗಳ ಪಾಳಿ ಬದಲಾಗುತ್ತದೆ. ಧರ್ಮಣ್ಣನ ಮನೆಯಲ್ಲಿ ಅವನ ಅವ್ವ ದಾನವ್ವನ ಪಾಳಿಯೂ ಅದೇ ಭಾನುವಾರ ಬದಲಾಗುತ್ತಿತ್ತು. ಇವತ್ತು ಅವಳು ಮುಲುಂಡಿನಿಂದ ಕಾಂದಿವಲಿಗೆ, ಕಿರಿಯ ಮಗ ಗದಿಗೆಪ್ಪನ ಮನೆಗೆ ಹೋಗಬೇಕಿತ್ತು.

ಈ ಪಾಳಿಯನ್ನು ಕಂಡುಹಿಡಿದವನು ಧರ್ಮಣ್ಣನೇ. ಅಂಧೇರಿಯ ಒಂದು ಗಾಜಿನ ಕಟ್ಟಡದಲ್ಲಿ ಕೂತು, ತನ್ನ ಕಂಪನಿಯ ಬೆರಳೆಣಿಕೆಯ ದೊಡ್ಡ ವಿಮಾನಗಳನ್ನು ಯಾವ ಋತುವಿನಲ್ಲಿ ಯಾವ ದೂರದ ಊರಿಗೆ ಓಡಿಸಬೇಕೆಂದು ಯೋಚಿಸುವುದು ಅವನ ಕೆಲಸ. ರಂಜಾನ್ ಮುಗಿಯುವವರೆಗೆ ಜೆಡ್ಡಾಕ್ಕೆ, ಶಾಲೆಗಳಿಗೆ ರಜೆ ಬಿದ್ದಾಗ ಲಂಡನ್ನಿಗೆ, ಟೊರಾಂಟೋಕ್ಕೆ, ಇಲ್ಲಿ ಚಳಿ ಹಿಡಿದಾಗ ಅಲ್ಲಿ ಬಿಸಿಲು ಕಾಯುವ ಸಿಡ್ನಿಗೆ. ದೊಡ್ಡ ವಿಮಾನ ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ, ಕಟ್ಟಿ ಹಾಕಿದರೂ ತಿನ್ನುವುದು ಬಿಡುವುದಿಲ್ಲ ಎಂದು ಅವನು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದ. ಎಲ್ಲಿ ಜನ ಕಾಯುತ್ತಿದ್ದಾರೋ ಅಲ್ಲಿಗೆ ಅದನ್ನು ಓಡಿಸಬೇಕು, ಖಾಲಿ ಸೀಟು ಮಹಾಪಾಪ. ಒಂಬತ್ತು ವರ್ಷದ ಹಿಂದೆ ಅಪ್ಪ ರಾಮಪ್ಪ ತೀರಿಕೊಂಡು, ದಿವಸ ಮುಗಿದು, ಅವ್ವ ಯಾರ ಹತ್ತಿರ ಇರಬೇಕೆಂಬ ಮಾತು ಬಂದಾಗ ಗಂಡಸರೆಲ್ಲ ಚಪ್ಪಲಿ ನೋಡುತ್ತ ಕೂತಿದ್ದರು. ಆಗ ಧರ್ಮಣ್ಣ ಗಂಟಲು ಸರಿಮಾಡಿಕೊಂಡು, ಇದರಲ್ಲಿ ಜಗಳವೇ ಬೇಡ, ಚಳಿಗಾಲ ನನ್ನ ಹತ್ತಿರ, ಬೇಸಿಗೆ ಗದಿಗೆಪ್ಪನ ಹತ್ತಿರ, ಇಡೀ ಜಗತ್ತೇ ಹೀಗೆ ನಡೆಯುತ್ತದೆ ಅಂದ. ಕಾಂದಿವಲಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟುಕೊಂಡಿದ್ದ ಗದಿಗೆಪ್ಪನಿಗೆ ಜಗತ್ತು ಹೇಗೆ ನಡೆಯುತ್ತದೆಂಬುದು ಗೊತ್ತಿರಲಿಲ್ಲ. ಅಣ್ಣ ಕಲಿತವನು, ದೊಡ್ಡ ಆಫೀಸಿನವನು; ತಲೆಯಾಡಿಸಿದ. ವಿಮಾನದವರ ಬೇಸಿಗೆ ಏಳು ತಿಂಗಳದ್ದು, ಚಳಿಗಾಲ ಐದೇ ತಿಂಗಳದ್ದು ಎಂಬ ಸಣ್ಣ ಸಂಗತಿಯನ್ನು ಧರ್ಮಣ್ಣ ಅವತ್ತು ಹೇಳಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ, ಯಾರೂ ಕೇಳಲಿಲ್ಲ ಅಷ್ಟೆ ಎಂದು ಅವನು ತನಗೆ ತಾನೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದ. ಇನ್ನು ಭಾಂಡುಪಿನಲ್ಲಿದ್ದ ತಂಗಿ ಅಂಬವ್ವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಟ್ಟ ಹೆಣ್ಣಿನ ಮನೆಯಲ್ಲಿ ತವರಿನವರು ಒಂದು ರಾತ್ರಿಯೂ ತಂಗುವ ಪದ್ಧತಿ ಅವರಲ್ಲಿ ಇರಲಿಲ್ಲ.

ಇವತ್ತು ಹಬ್ಬ, ನಾಳೆ ಹೋದರಾಯಿತು ಎಂದು ಹೆಂಡತಿ ಶೀತಲ ಬೆಳಿಗ್ಗೆ ಅಡಿಗೆಮನೆಯಿಂದಲೇ ಅಂದಿದ್ದಳು. ಅವಳು ಹೇಳಿದ್ದು ಅಷ್ಟೇ. ಆದರೆ ಧರ್ಮಣ್ಣ ಹೆಂಡತಿಯ ಮಾತನ್ನು ಕೇಳುತ್ತಿರಲಿಲ್ಲ, ಅದರ ಹಿಂದೆ ಏನಿರಬಹುದು ಎಂದು ಹುಡುಕುತ್ತಿದ್ದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಒಂದು ಮಾತನ್ನೂ ಹಾಗೆಯೇ ನಂಬಿದವನಲ್ಲ. ನಾಳೆ ಅಂದರೆ ಇನ್ನೂ ಒಂದು ದಿನ ತಡೆದುಕೊಳ್ಳುತ್ತೇನೆ, ನೋಡು ನನ್ನ ದೊಡ್ಡತನ ಎಂದು ಅರ್ಥ, ಎಂದು ಅವನು ತಿಳಿದ. ಗಂಡ ಹೆಂಡತಿ ಇಬ್ಬರೇ ಇರುವ ಮನೆ ಅದು, ಬಿಲ್ಡರನ ಭಾಷೆಯಲ್ಲಿ ಒಂದೂವರೆ ಬೆಡ್‌ರೂಮಿನದು. ಆ ಅರ್ಧದಲ್ಲಿ ಅವ್ವ ಮಲಗುತ್ತಿದ್ದಳು. ಆ ಅರ್ಧಕ್ಕೆ ಒಂದು ಟೇಬಲ್ಲು, ತಿರುಗುವ ಕುರ್ಚಿ ಇವತ್ತು ಮಧ್ಯಾಹ್ನ ಬರುವುದಿತ್ತು. ಆಫೀಸಿನಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿ ಎಂದಿದ್ದರು, ವಿಡಿಯೋ ಮೀಟಿಂಗಿನಲ್ಲಿ ಅವನ ಹಿಂದೆ ಒಮ್ಮೆ ದಾನವ್ವ ಕಡಲೆಬೇಳೆ ಆರಿಸುತ್ತ ಕಾಣಿಸಿಕೊಂಡಿದ್ದಳು, ಅವನ ಮ್ಯಾನೇಜರ್ ಅಮಿತ 'ಹಲೋ ಆಂಟೀ' ಅಂದಿದ್ದ, ಎಲ್ಲರೂ ನಕ್ಕಿದ್ದರು. ಟೇಬಲ್ಲನ್ನು ತರಿಸಿದವನು ಧರ್ಮಣ್ಣ. ಆದರೆ ಕೇಳಿದವರಿಗೆ, ಶೀತಲ ಟ್ಯೂಷನ್ ಶುರು ಮಾಡುತ್ತಾಳಂತೆ, ಅವಳಿಗೊಂದು ಜಾಗ ಬೇಕು ನೋಡ್ರಿ ಎಂದು ಹೇಳುತ್ತಿದ್ದ. ಹೇಳಿ ಹೇಳಿ ಅದು ಅವನಿಗೇ ನಿಜ ಅನ್ನಿಸತೊಡಗಿತ್ತು. ಮಧ್ಯಾಹ್ನ ಊಟವಾದ ಕೂಡಲೇ ದಾನವ್ವ ತನ್ನ ನೀಲಿ ಬ್ಯಾಗನ್ನು ಬಾಗಿಲ ಹತ್ತಿರ ತಂದಿಟ್ಟು ಅದರ ಮೇಲೆ ಕೈಯಿಟ್ಟುಕೊಂಡು ಕೂತಳು. ಎಷ್ಟು ಬೇಗ ತಯಾರಾದಳು ಎಂದು ಧರ್ಮಣ್ಣನಿಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತಿತ್ತು. ಶೀತಲ ಹೋಳಿಗೆಯ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು ಕಾಲಿಗೆ ಬಿದ್ದಳು. ಇದನ್ನು ಕೂಡ ಅವನು ನಾಟಕದ ಖಾತೆಗೇ ಹಾಕಿದ.

ಮೊಬೈಲಿನಲ್ಲಿ ಕರೆಸಿದ ಗಾಡಿಯ ಡ್ರೈವರು ತೌಸಿಫ್ ಎಂಬ ತರುಣ. ಮುದುಕಿಯ ಬಾಯಿಂದ 'ಸಾವಕಾಶ ಹೋಗಪಾ' ಎಂಬ ಮಾತು ಬಿದ್ದದ್ದೇ ತಡ, ಕನ್ನಡಿಯಲ್ಲಿ ನಕ್ಕು, ತಾನೂ ವಿಜಾಪುರದ ಕಡೆಯವನೇ ಅಂದ. ಅಲ್ಲಿಂದ ಇಬ್ಬರಿಗೂ ಮಾತಿಗೆ ಬರವಿಲ್ಲ. ರೋಜಾ ಹಿಡಿದಿದ್ದಾನೆ, ಬೆಳಗಿನಿಂದ ನೀರು ಮುಟ್ಟಿಲ್ಲ, ಇವತ್ತು ಚಂದ್ರ ಕಂಡರೆ ನಾಳೆ ಹಬ್ಬ, ಮದುವೆಯಾಗಿ ಒಂದು ವರ್ಷ, ಹೆಂಡತಿ ಶಬ್ರೀನ ಬಸುರಿ. ಇಷ್ಟೆಲ್ಲ ದಾನವ್ವ ಪವಾಯಿ ಕೆರೆ ಬರುವುದರೊಳಗೆ ತಿಳಿದುಕೊಂಡಳು. ಧರ್ಮಣ್ಣನ ಬಗ್ಗೆ ಅವಳು ಐದು ತಿಂಗಳಲ್ಲಿ ಇಷ್ಟು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ ಎಂದು ಅವನು ಯೋಚಿಸಿದ, ಏನು ಹೇಳುತ್ತಿದ್ದೆ? ಸಾಹೇಬರು ಏನು ಕೆಲಸ ಮಾಡತಾರ ಎಂದು ತೌಸಿಫ್ ಕೇಳಿದ್ದಕ್ಕೆ ದಾನವ್ವ, ವಿಮಾನ ಬಿಡತಾನ ಅಂದಳು. ಪೈಲಟ್ಟೇನ್ರಿ ಎಂದು ಹುಡುಗ ಬೆರಗಿನಿಂದ ಕನ್ನಡಿಯಲ್ಲಿ ನೋಡಿದ. ಧರ್ಮಣ್ಣ ಅಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಸಣ್ಣಗೆ ಕೆಮ್ಮಿದ. ಆಗಲೇ ಜೇಬಿನಲ್ಲಿ ಫೋನು ನಡುಗಿತು. ಶೀತಲ. ಇನ್ನೂ ಕಾಂದಿವಲಿ ಮುಟ್ಟಿಲ್ಲ, ಅಷ್ಟರೊಳಗೆ ಏನೋ ಕೊಂಕು ನೆನಪಾಗಿರಬೇಕು ಎಂದುಕೊಂಡು ಅದನ್ನು ಕತ್ತರಿಸಿ, ಮತ್ತೆ ಬಾರದ ಹಾಗೆ ಫೋನನ್ನು ಮೂಕ ಮಾಡಿ ಒಳಗಿಟ್ಟ.

ದೊಡ್ಡ ವಿಮಾನದಲ್ಲಿ ಅವನು ಒಮ್ಮೆಯೂ ಕೂತವನಲ್ಲ ಎಂಬುದು ಶೀತಲಳಿಗೆ ಮಾತ್ರ ಗೊತ್ತು. ನೌಕರರಿಗೆ ಕಂಪನಿ ಪುಕ್ಕಟೆ ಟಿಕೆಟ್ಟು ಕೊಡುತ್ತದೆ, ಆದರೆ ಹೊರಡುವ ಹೊತ್ತಿಗೆ ಸೀಟು ಖಾಲಿ ಉಳಿದರೆ ಮಾತ್ರ. ಮೂರು ವರ್ಷದ ಹಿಂದೆ ಒಂದು ಜೂನಿನಲ್ಲಿ ಗಂಡ ಹೆಂಡತಿ ಲಂಡನ್ನಿಗೆಂದು ಹೊರಟು ನಿಂತಿದ್ದರು. ಶೀತಲ ಹೊಸ ಬೂಟು ಹಾಕಿಕೊಂಡಿದ್ದಳು, ಮುಖಕ್ಕೆ ಏನೋ ಹಚ್ಚಿಕೊಂಡಿದ್ದಳು, ಸೊಸೈಟಿಯ ಹೆಂಗಸರಿಗೆಲ್ಲ ಹೇಳಿ ಬಂದಿದ್ದಳು. ಆ ಬೇಸಿಗೆ ಆ ದಾರಿಗೆ ದೊಡ್ಡ ವಿಮಾನ ಹಾಕಿದವನು ಧರ್ಮಣ್ಣನೇ. ಜೂನಿನಲ್ಲಿ ಒಂದು ಸೀಟೂ ಖಾಲಿ ಉಳಿಯುವುದಿಲ್ಲ ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ಹೇಳಿದ್ದ. ಹೇಳಿದ ಹಾಗೆಯೇ ಆಯಿತು. ಒಂದೂ ಉಳಿಯಲಿಲ್ಲ. ಕೌಂಟರಿನ ಹುಡುಗಿ, ಫುಲ್ ಹೈ ಸರ್, ಎಂದು ಕೈ ತಿರುವಿದಳು. ಗಾಜಿನಾಚೆ ಅವನ ವಿಮಾನ ಬೆನ್ನು ತಿರುಗಿಸಿಕೊಂಡು ಹೋಯಿತು. ರಿಕ್ಷಾದಲ್ಲಿ ಮುಲುಂಡಿಗೆ ವಾಪಸ್ಸು ಬರುವಾಗ ಶೀತಲ ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು. ಸೊಸೈಟಿಯವರ ಕಣ್ಣಿಗೆ ಬೀಳಬಾರದೆಂದು ಎರಡು ದಿನ ಕಿಟಕಿಯ ಪರದೆ ಎಳೆದುಕೊಂಡು ಒಳಗೇ ಇದ್ದರು. ಇಂಥ ಗಂಡಸು ಹೆಂಡತಿಯ ಫೋನು ಎತ್ತಲು ಹೆದರಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಮೊನ್ನೆ ಗುರುವಾರ ಅಮಿತ ಕೇಳಿದ್ದೂ ನೆನಪಾಯಿತು. ಧರ್ಮಣ್ಣಜೀ, ಟೊರಾಂಟೋಕ್ಕೆ ದೊಡ್ಡದನ್ನು ಯಾಕೆ ಹಾಕಿದ್ದೀರಿ? ಪ್ರತಿ ವರ್ಷ ಹಾಗೇ ಹಾಕುತ್ತೇವೆ ಎಂದಿದ್ದ ಧರ್ಮಣ್ಣ. ಟೇಬಲ್ಲಿನ ಸುತ್ತ ಸಣ್ಣ ನಗೆ ಓಡಿತು. ಅಮಿತ ನಗಲಿಲ್ಲ, ಅವನು ಒಳ್ಳೆಯವನು, ಅದೇ ಹೆಚ್ಚು ಉರಿಯುವಂಥದ್ದು. ಈ ವರ್ಷ ವೀಸಾಗಳು ಕಡಿಮೆಯಾಗಿವೆ, ಓದುವ ಹುಡುಗರು ಹೋಗುತ್ತಿಲ್ಲ, ಸಾಫ್ಟ್‌ವೇರು ಬೇರೆ ಊರು ತೋರಿಸುತ್ತಿದೆ, ಎಂದು ಮೆಲ್ಲಗೆ ಹೇಳಿ ಒಂದು ಗುಂಡಿ ಒತ್ತಿದ. ಧರ್ಮಣ್ಣನ ಇಡೀ ಬೇಸಿಗೆ ಪರದೆಯ ಮೇಲೆ ಬಣ್ಣ ಬದಲಿಸಿತು. ಅಮಿತ ಹೇಳಿದ್ದು ಸರಿಯಾಗಿಯೇ ಇತ್ತು. ಆ ಸಂಜೆ ಮನೆಗೆ ಬಂದವನು ಗೋಡೆಯ ಕ್ಯಾಲೆಂಡರಿನಲ್ಲಿ ಈ ಭಾನುವಾರವನ್ನು ಬೆರಳಿನಿಂದ ಮುಟ್ಟಿ ನೋಡಿದ್ದ. ಇಲ್ಲಿಯದೊಂದು ಶೆಡ್ಯೂಲಾದರೂ ತನ್ನ ಕೈಯಲ್ಲಿದೆ ಎಂಬ ಸಮಾಧಾನಕ್ಕೆ.

ಕಾಂದಿವಲಿಯ ಮೂರನೇ ಮಹಡಿಯಲ್ಲಿ ಗದಿಗೆಪ್ಪನ ಬಾಗಿಲಿಗೆ ಬೀಗ ಬಿದ್ದಿತ್ತು. ಬಾಗಿಲಲ್ಲಿ ರಂಗೋಲಿ ಇತ್ತು, ಮಾವಿನ ತೋರಣ ಇತ್ತು, ಮನುಷ್ಯರಿರಲಿಲ್ಲ. ಬೀಗ ಹೊಸದು. ಬೆಳಿಗ್ಗೆಯೇ ಮಕ್ಕಳು ಮರಿ ಸಮೇತ ಬ್ಯಾಗು ಹೇರಿಕೊಂಡು ಹೋದರು ಎಂದು ವಾಚ್‌ಮನ್ ಹೇಳಿದ. ದಾನವ್ವ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಧರ್ಮಣ್ಣ ಫೋನು ಹಚ್ಚಿದ. ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ ಎತ್ತಿದ ಗದಿಗೆಪ್ಪ, ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುವ ದನಿಯಲ್ಲೇ ಮಾತಾಡಿದ್ದರಿಂದ ಮೆಟ್ಟಿಲ ಮೇಲಿದ್ದ ತಾಯಿಗೂ ಎಲ್ಲ ಕೇಳಿಸುತ್ತಿತ್ತು. ಮಹಾಬಳೇಶ್ವರದಲ್ಲಿದ್ದೇವೆ, ಹೆಂಡತಿ ಸೋನಾಲಿ ಮಕ್ಕಳ ಜೊತೆ ದೋಣಿಯಲ್ಲಿ ಕೂತಿದ್ದಾಳೆ ಅಂದ. ಇವತ್ತು ಯಾವ ದಿನ ಗೊತ್ತೇನು ಎಂದು ಧರ್ಮಣ್ಣ ಹಲ್ಲು ಕಚ್ಚಿ ಕೇಳಿದ.

'ಗೊತ್ತೈತಿ. ಗುರುಬಾಯಿ ಚಿಗವ್ವನ ಮೊಮ್ಮಗಳ ನಿಶ್ಚಿತಾರ್ಥದಾಗ ಬೀಗರ ಮುಂದ ನೀನ ಹೇಳಿದೆಲ್ಲೋ ಅಣ್ಣಾ, ವಿಮಾನದವರ ಬ್ಯಾಸಗಿ ಏಳು ತಿಂಗಳಂತ. ನಾ ಹೋಳಗಿ ನೀಡಾಕಹತ್ತಿದ್ದೆ, ಕೈಯಾಗಿನ ತಾಟು ಹಂಗ ಉಳೀತು. ಒಂಬತ್ತು ವರ್ಷ ನನ್ನ ಹುಚ್ಚ ಮಾಡಿದಿ. ಈ ಸಲ ಬ್ಯಾಸಗಿ ನಿಂದು.'

ಹೌದು, ಅವನೇ ಹೇಳಿದ್ದ. ಹೊಸ ಬೀಗರು ಕೋಟು ಹಾಕಿಕೊಂಡು ಬಂದಿದ್ದರು, ನಿಮ್ಮದು ಏನು ಕೆಲಸ ಎಂದು ಮುಖ ಕೂಡ ನೋಡದೆ ಕೇಳಿದ್ದರು. ಧರ್ಮಣ್ಣನಿಗೆ ತಡೆಯಲಾಗಲಿಲ್ಲ. ಜಗತ್ತಿನ ಆಕಾಶವನ್ನೆಲ್ಲ ಅಂಗೈಯಲ್ಲಿಟ್ಟುಕೊಂಡವನ ಹಾಗೆ ಏಳು ತಿಂಗಳು, ಐದು ತಿಂಗಳು, ಲಂಡನ್ನು, ಸಿಡ್ನಿ ಎಂದು ಬಡಬಡಿಸಿದ್ದ. ಒಂಬತ್ತು ವರ್ಷ ಮುಚ್ಚಿಟ್ಟದ್ದನ್ನು ಒಂದು ಕೋಟಿನ ಎದುರು ಬಿಚ್ಚಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳಲು ಇಷ್ಟು ಓದು ಬೇಕಿರಲಿಲ್ಲ. ಈಗ ಏನಾದರೂ ಹೇಳಲೇಬೇಕಿತ್ತು, ಹೇಳಿದ: 'ನಂದೇನಿಲ್ಲಪಾ, ನಿಮ್ಮ ವೈನೀಗೆ ಆಗೂದಿಲ್ಲ. ಆ ರೂಮಿನಾಗ ಟ್ಯೂಷನ್ ಹಚ್ಚತಾಳಂತ.' ಅತ್ತಿಗೆಯ ಮಾತು ಬಂದದ್ದೇ ಗದಿಗೆಪ್ಪ, ವೈನೀನ ಕೇಳಿದಿಯೇನು, ಅಂದ. ಧರ್ಮಣ್ಣ ಫೋನು ಇಟ್ಟುಬಿಟ್ಟ. ಇಡುವಾಗ ಶೀತಲಳ ಹೆಸರು ಪರದೆಯ ಮೇಲೆ ಸಾಲಾಗಿ ನಿಂತಿದ್ದು ಕಣ್ಣಿಗೆ ಬಿತ್ತು, ನೋಡದವನಂತೆ ಜೇಬಿಗಿಳಿಸಿದ.

ತಾಯಿಯ ಕಡೆ ತಿರುಗಿದ. ತಿಳಿದಿರಲಿಲ್ಲವೇ ಅವ್ವಾ ನಿನಗೆ, ಎಂದು ಕೇಳಬೇಕೆಂದು ಅವನು ಬಾಯಿ ತೆರೆಯುವುದರೊಳಗೆ ಅವಳೇ, ಇದರಾಗ ತಿಳಿಯೂದೇನೈತಿ, ಅಂದಳು. ಮೊದಲನೆಯ ವರ್ಷವೇ ಅವಳಿಗೆ ಗೊತ್ತಾಗಿತ್ತು. ಯುಗಾದಿ, ಬಸವ ಜಯಂತಿ, ಪಂಚಮಿ, ಗಣಪತಿ, ದಸರೆ, ಹೋಳಿಗೆಯ ಹಬ್ಬಗಳೆಲ್ಲ ಕಾಂದಿವಲಿಯಲ್ಲಿ. ದೀಪಾವಳಿಯೊಂದನ್ನು ಬಿಟ್ಟರೆ ಮುಲುಂಡಿಗೆ ಶಿವರಾತ್ರಿ. 'ನಿನ್ನ ಪಾಲಿಗೆ ಉಪವಾಸದ ಹಬ್ಬ ಬಂದಿತ್ತು' ಎಂದು ನಕ್ಕಳು. ಆ ನಗೆಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಎದುರು ಸಿಟ್ಟು ಮಾಡಬಹುದಿತ್ತು. ಮತ್ಯಾಕ ಹೇಳಲಿಲ್ಲ ಅಂದಿದ್ದಕ್ಕೆ, ಹೇಳಿದ್ರ ಇಬ್ಬರೂ ಕೂಡಿ ನನ್ನ ಇನ್ನೂ ಸಣ್ಣ ತುಂಡು ಮಾಡತಿದ್ರಿ ಎಂದು ಎದ್ದು, ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯತೊಡಗಿದಳು. ಬ್ಯಾಗು ಅವನ ಕೈಯಲ್ಲಿ. ಹಗುರವಾಗಿತ್ತು. ಒಂಬತ್ತು ವರ್ಷದಲ್ಲಿ ಅದು ಭಾರವಾಗಿರಲೇ ಇಲ್ಲ.

ತೌಸಿಫ್ ಇನ್ನೂ ಗೇಟಿನ ಹತ್ತಿರವೇ ನೆರಳಿನಲ್ಲಿದ್ದ. ಎಲ್ಲಿಗೆ ಸಾಹೇಬರ, ವಾಪಸ್ ಮುಲುಂಡೇನ್ರಿ, ಎಂದು ಕೇಳಿದ. ಅದು ಸರಳವಾದ ಪ್ರಶ್ನೆ. ಮುಲುಂಡು ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಧರ್ಮಣ್ಣನ ಕಣ್ಣ ಮುಂದೆ ಆ ಅರ್ಧ ರೂಮು ಬಂತು, ಅದರಲ್ಲಿ ಟೇಬಲ್ಲು ಬಂತು, ಬಾಗಿಲು ತೆರೆದು ನಿಂತ ಶೀತಲ ಬಂದಳು. ಹೊಸ ಬೂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗಿನ ಮುಖ ಅದು. ಮತ್ತೆ ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಿ ಬಂದಿರೇನು ಎಂದು ಆ ಮುಖ ಬಾಯಿಬಿಡದೆ ಕೇಳುತ್ತಿತ್ತು. ಅವನು ಥಟ್ಟನೆ ದನಿ ಏರಿಸಿ, ಅವ್ವಾ ನೀನು ನಮ್ಮ ವಿಮಾನ ನೋಡಿಲ್ಲಲ್ಲ, ನಡಿ ತೋರಸತೀನಿ ಅಂದ. ಇಳಿಯಲು ಜಾಗವಿಲ್ಲದ ವಿಮಾನವನ್ನು ಮೇಲೇ ಸುತ್ತು ಹೊಡೆಸುತ್ತಾರೆ, ಒಳಗಿದ್ದವರಿಗೆ ಮಾತ್ರ ಕಿಟಕಿಯಾಚೆ ಸಮುದ್ರ ನೋಡಿ ಎನ್ನುತ್ತಾರೆ. ದಾನವ್ವ ಮಗನ ಮುಖವನ್ನು ನೋಡಿ ಗಾಡಿ ಹತ್ತಿದಳು.

ಹೈವೇ ಹಿಡಿದು ಅಂಧೇರಿಗೆ ಬಂದು, ಸಾಕಿನಾಕಾದ ಜಾಮಿನಲ್ಲಿ ಸಿಕ್ಕಿಕೊಂಡು, ಜರಿಮರಿಯ ಹತ್ತಿರ ಒಂದು ಟೈರಿನ ಅಂಗಡಿಯ ಎದುರು ನಿಂತರು. ರನ್‌ವೇಯ ಗೋಡೆ ಅಲ್ಲಿಂದ ನಾಲ್ಕು ಹೆಜ್ಜೆ. ಸಣ್ಣ ವಿಮಾನಗಳು ಒಂದರ ಹಿಂದೊಂದು ಒಂದಕ್ಕೊಂದು ಅಂಟಿದ ಚಾಳಿನ ಮನೆಗಳ ತಲೆಯ ಮೇಲೆ ಇಳಿಯುತ್ತಿದ್ದವು. ಅಲ್ಲಿಯವರು ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ, ಒಬ್ಬ ಹೆಂಗಸು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಆಮೇಲೆ ದೊಡ್ಡದು ಬಂತು. ಟೈರುಗಳು ನಡುಗಿದವು, ದಾನವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಕಣ್ಣು ಮಾತ್ರ ದೊಡ್ಡದು ಮಾಡಿ ನೋಡಿದಳು. ಧರ್ಮಣ್ಣನ ಎದೆ ಒಂದು ಕ್ಷಣ ನಿಜಕ್ಕೂ ಉಬ್ಬಿತು. ಇದು ನಾನು ಜೆಡ್ಡಾಕ್ಕೆ ಹಾಕಿದ್ದು ನೋಡು, ಹಬ್ಬ ಮುಗಿದ ಮೇಲೆ ಲಂಡನ್ನಿಗೆ ಹೋಗುತ್ತದೆ, ಎಂದು ಶುರು ಮಾಡಿದ. ನಿಲ್ಲಿಸಬಾರದು, ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟ, ಇಳಿದ ತಾಸೆರಡು ತಾಸಿನಲ್ಲಿ ಮತ್ತೆ ಎಬ್ಬಿಸಿ ಕಳಿಸಬೇಕು. ಅವನ ಮಾತು ಮುಗಿಯುವವರೆಗೆ ಕಾದು ದಾನವ್ವ ಕೇಳಿದಳು:

'ಇವು ಮಲಗೂದೆಲ್ಲಿ?'

ಮಲಗುವುದಿಲ್ಲ ಅವ್ವಾ, ಅಂದ. ಆದರೆ ಕೆಲಸದ ವಿಷಯದಲ್ಲಿ ಅರ್ಧ ಸತ್ಯ ಹೇಳಿ ಅವನಿಗೆ ರೂಢಿಯಿಲ್ಲ, ಆ ರೂಢಿ ಮನೆಯ ವಿಷಯದಲ್ಲಿ ಮಾತ್ರ. ಹಾಗೆ ನೋಡಿದರೆ ಪ್ರತಿಯೊಂದಕ್ಕೂ ಒಂದು ಬೇಸ್ ಅಂತ ಇರುತ್ತದೆ, ಎಲ್ಲಿ ಅಲೆದರೂ ದಿನ ತುಂಬಿದ ಮೇಲೆ ಅಲ್ಲಿಗೆ ಬರಲೇಬೇಕು, ಬೋಲ್ಟು ಬೋಲ್ಟು ಬಿಚ್ಚಿ ನೋಡುತ್ತಾರೆ, ಒರೆಸುತ್ತಾರೆ, ಬರದಿದ್ದರೆ ಹಾರಲು ಬಿಡುವುದಿಲ್ಲ ಎಂದು ಸೇರಿಸಿದ.

'ಹಂಗಾರ ಅದಕ್ಕೂ ಒಂದು ಮನಿ ಅಂತ ಐತಿ' ಅಂದಳು ದಾನವ್ವ. 'ಚೊಲೋ ಆತು ಬಿಡು.'

ಅವಳು ಚುಚ್ಚಬೇಕೆಂದು ಅಂದದ್ದಲ್ಲ. ವಿಮಾನದ ಬಗ್ಗೆ ಅವಳಿಗೆ ನಿಜವಾಗಿಯೂ ನಿರಾಳವಾದಂತಿತ್ತು. ಧರ್ಮಣ್ಣನಿಗೆ ಮಾತ್ರ ಕುತ್ತಿಗೆಯ ಹಿಂದೆ ಬಿಸಿಯಾಯಿತು. ಬಿಸಿಲಿರಬೇಕು ಎಂದುಕೊಂಡು ಕರ್ಚೀಫು ತೆಗೆದ. ಗಾಡಿಯೊಳಗೆ ಬಂದು ಕೂತ ಮೇಲೂ ಯಾರೂ ಎಲ್ಲಿಗೆ ಎಂದು ಹೇಳಲಿಲ್ಲ. ತೌಸಿಫ್ ಗಡಿಯಾರ ನೋಡಿಕೊಂಡ, ರೋಜಾ ಬಿಡುವ ಹೊತ್ತು ಹತ್ತಿರವಾಗುತ್ತಿತ್ತು. ಒಂದು ರಾತ್ರಿಗೆ ಹೋಟೆಲ್ಲು ಮಾಡಿದರೆ ಹೇಗೆ ಎಂದು ಧರ್ಮಣ್ಣ ಯೋಚಿಸಿದ, ಯೋಚಿಸಿ ತನಗೇ ನಾಚಿಕೆಯಾಯಿತು, ನಾಚಿಕೆಯಾದ ಮೇಲೂ ಹತ್ತಿರ ಯಾವುದಿದೆ ಎಂದು ಫೋನಿನಲ್ಲಿ ಹುಡುಕಿದ. ಅಷ್ಟರಲ್ಲಿ ದಾನವ್ವ ಮುಂದಕ್ಕೆ ಬಾಗಿ ತೌಸಿಫನ ಹೆಗಲು ತಟ್ಟಿದಳು.

'ಭಾಂಡುಪಕ್ಕ ಹೊಡಿಯಪಾ. ನಮ್ಮ ಅಂಬವ್ವನ ಮನಿಗೆ.'

ಧರ್ಮಣ್ಣ ಬೆಚ್ಚಿದ. ಪ್ರತಿ ವಿಮಾನ ಹೊರಡುವ ಮೊದಲು, ಹೋಗುವ ಊರಿನಲ್ಲಿ ಇಳಿಯಲು ಆಗದಿದ್ದರೆ ಬೇರೆ ಎಲ್ಲಿ ಎಂದು ಇನ್ನೊಂದು ಊರಿನ ಹೆಸರು ಬರೆದಿರಬೇಕು, ಬರೆಯದೆ ಯಾರೂ ಮೇಲೆ ಹಾರಲು ಬಿಡುವುದಿಲ್ಲ. ತಾಯಿಯ ವಿಷಯದಲ್ಲಿ ಅವನು ಒಂಬತ್ತು ವರ್ಷ ಆ ಜಾಗ ಖಾಲಿ ಬಿಟ್ಟಿದ್ದ. ಮಗಳ ಮನೆಯಲ್ಲಿ ಉಳಿಯುವುದೆಂದರೇನು, ಅಳಿಯ ಶೆಟ್ಟೆಪ್ಪ ಏನು ತಿಳಿದಾನು, ನಮ್ಮ ಮನೆತನದಲ್ಲಿ ಯಾರಾದರೂ ಹಾಗೆ ಮಾಡಿದ್ದುಂಟೇ, ಎಂದು ಅವನು ಒಂದೇ ಉಸಿರಿಗೆ ಅಂದ. ಅಂಬವ್ವ ಪ್ರತಿ ದೀಪಾವಳಿಗೂ ಫೋನು ಮಾಡಿ, ಅವ್ವನ್ನ ನಾಲ್ಕು ದಿನ ಕಳಸೋ ಎಂದು ಕೇಳಿದ್ದಳು. ಆಗೆಲ್ಲ ಅವನು ಇದೇ ಮಾತು ಹೇಳಿದ್ದ. ದಾನವ್ವ ಕಿಟಕಿಯಾಚೆ ನೋಡುತ್ತಲೇ ಉತ್ತರಿಸಿದಳು: 'ಇಷ್ಟ ದಿನ ನಿಮ್ಮ ಮಾನ ಹೋಗತೈತಿ ಅಂತ ಹೋಗಲಿಲ್ಲ. ಇವತ್ತ ಬೀಗ ಹಾಕಿದ ಬಾಗಲದಾಗ ಕುಂತೆ. ಇನ್ನ ಏನರ ಮಾನ ಉಳದಿದ್ದರ ಹೇಳು, ಕಾಯತೀನಿ.' ಮುಲುಂಡಿಗೆ ಹೋಗೋಣ ಅವ್ವಾ ಎಂದು ಹೇಳಲು ಅವನಿಗೆ ಈಗಲೂ ಸಮಯವಿತ್ತು. ಘಾಟಕೋಪರದ ಸಿಗ್ನಲ್ಲಿನಲ್ಲಿ ಸಾಕಷ್ಟು ಹೊತ್ತು ನಿಂತಿದ್ದರು. ವಿಕ್ರೋಳಿ ದಾಟಿತು, ಕಾಂಜೂರಮಾರ್ಗ ದಾಟಿತು. ಅವನು ಹೇಳಲಿಲ್ಲ. ಹೇಳದೆ ಇದ್ದುದರಲ್ಲಿ ಒಂದು ಹಗುರವಿತ್ತು, ಅದನ್ನು ಅವನು ಒಳಗೊಳಗೇ ಸವಿಯುತ್ತಲೂ ಇದ್ದ.

ಭಾಂಡುಪಿನ ಗುಡ್ಡದ ಬುಡದ ಚಾಳಿನಲ್ಲಿ ಅಂಬವ್ವನದು ಒಂದೇ ಕೋಣೆಯ ಖೋಲಿ, ಮೇಲೊಂದು ಹಲಗೆಯ ಮಾಳಿಗೆ. ಗಲ್ಲಿಯ ಬಾಯಲ್ಲಿ ಗಾಡಿ ನಿಂತಾಗ ಅಂಬವ್ವ ನಳದ ಹತ್ತಿರ ಕೊಡ ತುಂಬುತ್ತಿದ್ದಳು. ತಾಯಿಯನ್ನು ಕಂಡು ಕೊಡವನ್ನು ಅಲ್ಲೇ ಬಿಟ್ಟು ಬಂದಳು, ನೀರು ಹರಿಯುತ್ತಲೇ ಇತ್ತು. ಯಾಕೆ, ಏನು, ಎಷ್ಟು ದಿನಕ್ಕೆ ಎಂದು ಅವಳು ಒಂದನ್ನೂ ಕೇಳಲಿಲ್ಲ. ಅವಳ ಗಂಡ ಶೆಟ್ಟೆಪ್ಪ, ಮುಚ್ಚಿಹೋದ ಕಾರ್ಖಾನೆಯ ಹಳೆಯ ಫಿಟ್ಟರು, ಬನಿಯನ್ನಿನ ಮೇಲೆ ಅಂಗಿ ಏರಿಸಿಕೊಳ್ಳುತ್ತ ಬಂದು, ಬರ್ರಿ ಅತ್ತಿ, ಎಂದು ಮಂಚದ ಮೇಲಿನ ಬಟ್ಟೆಯ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿ ಕೆಳಗಿಟ್ಟ. ಧರ್ಮಣ್ಣ ಬಾಗಿಲಲ್ಲೇ ನಿಂತು, ಗದಿಗೆಪ್ಪ ಊರಲ್ಲಿಲ್ಲ, ಎರಡು ಮೂರು ದಿನದ ಮಾತು, ಎಂದು ವಿವರಿಸತೊಡಗಿದ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ದಾನವ್ವ ಆಗಲೇ ಮಂಚದ ಮೇಲೆ ಕೂತು ನೀಲಿ ಬ್ಯಾಗಿನ ಜಿಪ್ಪು ಎಳೆದಿದ್ದಳು. ಸೀರೆಗಳನ್ನು ಒಂದೊಂದಾಗಿ ತೆಗೆದು ಮಗಳಿಗೆ ಕೊಟ್ಟಳು, ಮಗಳು ಗೋಡೆಯ ಹಗ್ಗಕ್ಕೆ ಹಾಕಿದಳು. ಲಿಂಗದ ಕರಡಿಗೆ, ವಿಭೂತಿ ಗಟ್ಟಿ, ರಾಮಪ್ಪನ ಸಣ್ಣದೊಂದು ಫೋಟೋ, ಮಂಡಿಗೆ ಹಚ್ಚುವ ಎಣ್ಣೆ. ಕಡೆಗೆ ಬ್ಯಾಗನ್ನು ಬೋರಲು ಮಾಡಿ ಕೊಡವಿ, ಮಡಚಿ, ಶೆಟ್ಟೆಪ್ಪನ ಕೈಗೆ ಕೊಟ್ಟು, ಮ್ಯಾಲ ಒಗಿಯಪಾ ಇದನ್ನ, ಅಂದಳು. ಆಗ ಧರ್ಮಣ್ಣನಿಗೆ ಗೊತ್ತಾಯಿತು, ಮುಲುಂಡಿನ ಆ ಅರ್ಧ ರೂಮಿನಲ್ಲಿ ಅವಳು ಈ ಬ್ಯಾಗನ್ನು ಒಮ್ಮೆಯೂ ಖಾಲಿ ಮಾಡಿರಲಿಲ್ಲ. ಕಪಾಟಿನಲ್ಲಿ ಅವಳಿಗೆಂದು ಬಿಟ್ಟ ಕೆಳಗಿನ ಖಾನೆ ಒಂಬತ್ತು ಚಳಿಗಾಲ ಖಾಲಿಯೇ ಇತ್ತು. ಅದಕ್ಕೇ ಅವಳು ಅಷ್ಟು ಬೇಗ ತಯಾರಾಗುತ್ತಿದ್ದದ್ದು. ನೋವು ಎನ್ನುವುದು ಕೊನೆಗೂ ಅವನಿಗೆ ತಾಗಿತು, ಆದರೆ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಮೊಬೈಲು ತೆಗೆದು ಗಡಿಯಾರ ನೋಡಿದ.

ಹೊರಗೆ ಮಸೀದಿಯ ಬಾಂಗ್ ಆಯಿತು. ದಾನವ್ವ ಹೋಳಿಗೆಯ ಡಬ್ಬಿಯನ್ನು ತೆರೆದು ಎರಡು ಹೋಳಿಗೆ, ಒಂದು ತಂಬಿಗೆ ನೀರು ಅಂಬವ್ವನ ಕೈಯಲ್ಲಿ ಗಾಡಿಯ ಹತ್ತಿರ ಕಳಿಸಿದಳು. ಗದಿಗೆಪ್ಪನ ಮಕ್ಕಳಿಗೆಂದು ಶೀತಲ ಕಟ್ಟಿಕೊಟ್ಟದ್ದು ಅದು. ಹೊರಡುವಾಗ ಧರ್ಮಣ್ಣ ತಾಯಿಯ ಕಾಲು ಮುಟ್ಟಿ, ಸ್ವಲ್ಪ ವ್ಯವಸ್ಥೆ ಮಾಡಿ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಬಹಳ ಮೆತ್ತಗೆ ಅಂದಳು: 'ನಿನ್ನ ಶೆಡ್ಯೂಲಿನಾಗಿಂದ ನನ್ನ ಹೆಸರು ತಗದ ಹಾಕು, ಧರ್ಮಾ. ನಿಮಗೂ ಸೂಟಿ ಆಗಲಿ.'

ಭಾಂಡುಪಿನಿಂದ ಮುಲುಂಡು ಎಷ್ಟರ ದೂರ, ಟ್ರೇನಿನಲ್ಲಾದರೆ ನಡುವೆ ನಾಹೂರ್ ಒಂದೇ ಸ್ಟೇಷನ್ನು. ತೌಸಿಫ್ ಹೋಳಿಗೆ ತಿಂದ ಬೆರಳು ಒರೆಸಿಕೊಂಡು, ನಿಮ್ಮ ಅವ್ವಾರ ಕೈಗುಣ ಭಾಳ ಚೊಲೋ ಐತ್ರಿ ಅಂದ. ಅವ್ವ ಮಾಡಿದ್ದಲ್ಲ ಎಂದು ಧರ್ಮಣ್ಣ ಹೇಳಲಿಲ್ಲ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ. ಖಾಲಿ ಸೀಟು ಮಹಾಪಾಪ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವನು ಆ ಸೀಟಿನ ಮೇಲೆ ತನ್ನ ಕರ್ಚೀಫು ಇಟ್ಟ, ತೆಗೆದ. ಮನೆಗೆ ಹೋಗಿ ಏನು ಹೇಳುವುದೆಂದು ಅವನು ನಿರ್ಧರಿಸಿಯಾಗಿತ್ತು. ಮಗಳ ಮನೆಯಲ್ಲಿ ಬಿಟ್ಟು ಬಂದೆ ಎಂದು ಹೆಂಡತಿಯ ಎದುರು ಹೇಳಲಾಗದು. ತಾನೇ ಮೊದಲು ಮಾತಾಡಿದರೆ ಒಳ್ಳೆಯದೆಂದು ಫೋನು ಹಚ್ಚಿದ. ಶೀತಲ ಒಂದೇ ರಿಂಗಿಗೆ ಎತ್ತಿದಳು, ಎಲ್ಲಿದ್ದೀರಿ ಎಂದಳು. ಅವನು ಉತ್ಸಾಹ ತಂದುಕೊಂಡು, ಕಾಂದಿವಲಿಗೆ ಮುಟ್ಟಿಸಿದೆ, ಹೇಳಿದ ಟೈಮಿಗೆ ಸರಿಯಾಗಿ, ಅಜ್ಜಿ ಬಂದಳೆಂದು ಗದಿಗೆಪ್ಪನ ಮಕ್ಕಳು ಕುಣಿದಾಡಿದವು, ಫೋನು ಗಾಡಿಯಲ್ಲಿ ಕೇಳಿಸಲಿಲ್ಲ ನೋಡು, ಅಂದ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

'ನೀವು ಹೊಂಟ ಸ್ವಲ್ಪ ಹೊತ್ತಿಗೇ ಗದಿಗೆಪ್ಪ ನನಗ ಫೋನ್ ಮಾಡಿದ್ರು, ಮಹಾಬಳೇಶ್ವರದಿಂದ' ಅಂದಳು ಶೀತಲ. 'ಅಣ್ಣಗ ಹೇಳಾಕ ಧೈರ್ಯ ಇಲ್ಲ ವೈನೀ, ನೀವ ಹೇಳ್ರಿ ಅಂತ. ನಾ ಅಂದೆ, ಅದರಾಗೇನೈತಿ, ಅವ್ವ ಇಲ್ಲೇ ಇರಲಿ. ಅದನ್ನ ಹೇಳಾಕ ಮಧ್ಯಾಹ್ನದಿಂದ ಬಡಕೊಳ್ಳಾಕತ್ತೀನಿ ನಿಮಗ. ನಿಮ್ಮ ಟೇಬಲ್ ಬಂದಿತ್ತು, ಜಾಗಾ ಇಲ್ಲ ಅಂತ ತಿರುಗಿ ಕಳಿಸೀನಿ. ಅವ್ವನ ಹಾಸಿಗಿ ಹಾಸಿ, ಮೆತ್ತಗ ಅನ್ನ ಇಟ್ಟೀನಿ. ಈಗ ಖರೇ ಹೇಳ್ರಿ, ಅವ್ವನ್ನ ಎಲ್ಲಿ ಬಿಟ್ಟ ಬಂದೀರಿ?'

ಧರ್ಮಣ್ಣ ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತ. ಹೊರಗೆ ದಾರಿಯುದ್ದ ಕಿಟಕಿ ಕಿಟಕಿಯ ಗುಡಿಗಳನ್ನು ಸಂಜೆಯೊಳಗೆ ಇಳಿಸಿಬಿಟ್ಟಿದ್ದರು, ಬರಿಯ ಕೋಲುಗಳು ಉಳಿದಿದ್ದವು. ಮಾತೆಲ್ಲ ಕೇಳಿಸಿಕೊಂಡಿದ್ದ ತೌಸಿಫ್ ಗಾಡಿಯ ವೇಗ ತಗ್ಗಿಸಿ, ಕನ್ನಡಿಯಲ್ಲಿ ನೋಡುತ್ತ, 'ತಿರಗಸ್ಲೇನ್ರಿ ಸಾಹೇಬರ? ಇನ್ನೂ ದೂರ ಬಂದಿಲ್ಲ' ಎಂದು ಕೇಳಿದ. ಧರ್ಮಣ್ಣ ತಡಿ ಎಂಬಂತೆ ಒಂದು ಕೈ ಎತ್ತಿದ, ಏನು ಹೇಳಬೇಕೆಂದು ಯೋಚಿಸತೊಡಗಿದ, ಗಾಡಿ ಅವನ ಸೊಸೈಟಿಯ ಗೇಟಿನ ಮುಂದೆ ಬಂದು ನಿಲ್ಲುವವರೆಗೂ ಯೋಚಿಸುತ್ತಲೇ ಇದ್ದ.